ಮೂರನೇ ಕೊಡ

ಗೋಕುಲ ರೋಡಿನ ವಾಲ್ವ್ ಫ್ಯಾಕ್ಟರಿ,
ಟೈಮ್ ಆಫೀಸಿನ ಬಾಜೂಕ ನನ್ನ ಕಿಡಕಿ.
ಕಿಡಕಿಗೆ ಅರ್ಧಚಂದ್ರದಂಥಾ ತೂತು,
ಅದರಾಗ ಮಾರಿ ತೂರಿಸಿ ಮಾತಾಡೂದು ಎಲ್ಲಾರ ರೂಢಿ.

ದೀಪಾವಳಿ ಆರು ದಿನ ಇತ್ತು.
ಟೂಲ್ ರೂಮಿನ ಫೋರ್‌ಮನ್ ದಾವಲಸಾಬ ನದಾಫ
ಮಾರಿ ತೂರಿಸಲಿಲ್ಲ,
ಪಗಾರಚೀಟಿ ತೂರಿಸಿದರು.
ಎಣ್ಣಿ ಹತ್ತಿದ ಹೆಬ್ಬಟ್ಟಿನ ಗುರುತು
ಬರೋಬ್ಬರಿ ಒಂದು ಅಂಕಿ ಮ್ಯಾಲೆ:
ಎಂಟು ಸಾವಿರದ ಎರಡುನೂರಾ ನಲವತ್ತು.

"ಇಂದುಮತಿಬಾಯಿ, ಬೋನಸ್ ನಲವತ್ತು ಸಾವಿರ, ಖರೆ?"
"ಖರೆರಿ."
"ತಿಂಗಳ ಪಗಾರನೂ ಹೆಚ್ಚುಕಡಿಮಿ ಅಷ್ಟ.
ಅದರಾಗ ನೀವು ಹಿಡಿಯೂದು ಎರಡು ಸಾವಿರದ ಚಿಲ್ಲರೆ. ಖರೆ?"
"ಖರೆರಿ."
"ಹಂಗಾದ್ರ ಬೋನಸ್ ಪಾಪದ್ದು
ಏನು ತಪ್ಪು ಮಾಡೇತಿ?"

ಸ್ಲ್ಯಾಬ್ ಅಂದೆ. ಕಣ್ಣು ಸಣ್ಣ ಮಾಡಿದರು.
ಚೀಟಿ ತಿರುವಿ ಹಿಂದ ಗೆರಿ ಎಳದೆ.
"ನಿಮ್ಮ ಓಣಿಗೆ ನಳ ಎಂದ ಬರತಾವ?"
"ಎಂಟು ದಿನಕ್ಕೊಮ್ಮೆ. ಅದೂ ನಡುರಾತ್ರಿ ಎರಡಕ್ಕ."

"ಹಂಗ ತಿಳೀರಿ.
ಮೊದಲನೇ ಕೊಡ ತುಂಬೂತನಕ ಸರಕಾರ ಮುಟ್ಟಂಗಿಲ್ಲ.
ಎರಡನೇದರಾಗ ಹತ್ತು ಚರಗಿಗೆ ಒಂದು ಚರಗಿ.
ಮೂರನೇದರಾಗ ಐದಕ್ಕ ಒಂದು,
ಮ್ಯಾಲೆ ಸೆಸ್ ಅಂತ ಒಂದು ಗುಟುಕು.
ನಿಮ್ಮ ಪಗಾರಕ್ಕ ಎರಡು ಕೊಡ ಕಂಠಮಟ ತುಂಬ್ಯಾವ.
ಬೋನಸ್ ಬಿದ್ದದ್ದು ಮೂರನೇದಕ್ಕ.
ಬೋನಸ್ಸಿಗಂತ ಬ್ಯಾರೆ ಕಾನೂನಿಲ್ರಿ,
ನೀರು ಅದ ನೀರು."

ಲೇಥಿನ ಮುಂದ ನಿಂತು ಅರ್ಧ ನೂಲು ಫರಕು
ಬೆರಳಿಲೆ ಹಿಡಿಯೂ ಮನಿಷ್ಯಾ.
ಗೆರಿ ನೋಡಿದರು, ನನ್ನ ನೋಡಿದರು.
"ಏಪ್ರಿಲ್‌ದಾಗ ಕೊಟ್ಟಿದ್ರ
ಬೋನಸ್ ಮೊದಲನೇ ಕೊಡಕ್ಕ ಬೀಳತಿತ್ತು.
ಆವಾಗ ಮಾರ್ಚಿನ ಪಗಾರ ಕಳ್ಳ ಆಗತಿತ್ತು, ಹೌದಲ್ಲ?
ಕಡೀಗ ಬಂದದ್ದು ಯಾವುದು ಅಂತ
ರೊಕ್ಕಕ್ಕ ಗೊತ್ತಿರತೈತೇನ್ರಿ?"

ಕಂಪ್ಯೂಟರಿನಾಗ ಅದಕ್ಕ ಕಾಲಮ್ ಇರಲಿಲ್ಲ.

ಆಮ್ಯಾಲೆ ದನಿ ಇಳಿಸಿ ಹೇಳಿದರು,
ಖರೇ ಮಾತು ಕಿಡಕಿಗೆ ಬಂದದ್ದು ಆವಾಗ:
"ನಾ ಮನ್ಯಾಗ ನಲವತ್ತು ಅಂತ ಹೇಳೀನ್ರಿ."
ಕೇಶ್ವಾಪುರದ ದಂತ ಡಾಕ್ಟರು
ಹಸೀನಾಬಿಯ ಮ್ಯಾಲಿನ ಸಾಲಿಗೆ ಅಷ್ಟ ಲೆಕ್ಕ ಕೊಟ್ಟಿದ್ದ.
ಮೂರು ವರ್ಷ ಆತಂತ,
ಆಕಿ ನಗೂ ಮುಂಚೆ ಸೆರಗು ಹುಡುಕೂದು.

ಎರಡುನೂರಾ ಹನ್ನೆರಡು ಮಂದಿ ಬೋನಸ್
ನಾನ ಕೂಡಿಸಿದ್ದು, ನಾನ ಕಳದದ್ದು.
ಎರಡುನೂರಾ ಹದಿಮೂರನೇ ಸಾಲು ಖಾಲಿ.
ನಾ ಏಜೆನ್ಸಿ ಕಡೆಯಾಕಿ,
ನನ್ನ ಮೊದಲನೇ ಕೊಡ ಇನ್ನೂ ಅರ್ಧಕ್ಕ ನಿಂತೈತಿ,
ಬಗ್ಗಿ ನೋಡಿದ್ರ ಮಾರಿ ಕಾಣತೈತಿ.
ಅದನ್ನ ಅವರಿಗೆ ಹೇಳಲಿಲ್ಲ.

ಹೇಳಿದ್ದು ಇಷ್ಟ: "ಮಗಳ ಕಾಲೇಜಿನ ಫೀ ರಸೀತಿ
ಇದ್ರ ತಂದು ಕೊಡ್ರಿ."
ಜನೆವರಿಯಾಗ ಕೇಳಿದೆ, ಸಿಗಲಿಲ್ಲ.
ಜೂನಿನಾಗ ಸಿಕ್ತು, ಅಕ್ಕಿ ಡಬ್ಬಿ ತಳಕ್ಕ ಹಾಸಿದ ಹಾಳಿ ನಡುವ,
ಹದಿನೈದು ಸಾವಿರದ್ದು, ನುಸಿ ತಿಂದು ಮೂಲಿ ಹೋಗಿತ್ತು,
ಶಿಕ್ಕಾ ಉಳಿದಿತ್ತು.
ಒಂದು ಐತವಾರ ಕುಂತು ರಿಟರ್ನ್ ತುಂಬಿದೆ.

ಸಪ್ಟೆಂಬರಿನಾಗ ಮೂರು ಸಾವಿರದ ತೊಂಬತ್ತು
ಹೊಳ್ಳಿ ಬಂತು ಅವರ ಖಾತೆಗೆ,
ಮೂರನೇ ಕೊಡದಿಂದ
ಯಾರೋ ಚರಗಿ ಬಗ್ಗಿಸಿದಂಗ.

ಮರುದಿನ ದಾವಲಸಾಬರು ಕಿಡಕಿಗೆ ಬಂದರು.
ಈ ಸಲ ಚೀಟಿ ಇಲ್ಲ. ಮಾರಿನ ತೂರಿಸಿದರು,
ತೂತಿನ ಅಂಚು ಟೊಪ್ಪಿಗೆ ಬಡೀತು.
"ಹಲ್ಲು ಎರಡು ಬಾಕಿ ಇದ್ದೂರಿ, ಹಿಂದಿನ ದವಡಿವು.
ಈಗ ಒಂದ.
ಬರೂ ದೀಪಾವಳಿಗೆ ಅದನ್ನೂ ಕೂಡಿಸೂಣು ಅಂದೆ.
ಬ್ಯಾಡ ಅಂತಾಳ.
ಅದೊಂದು ಸಂದಿ
ಸರಕಾರಕ್ಕ ಬಿಟ್ಟೀನಿ, ಇರಲಿ ಅಂತಾಳ."

ಅಂದು ನಗತಾಳಂತ,
ಸೆರಗು ಹೆಗಲ ಮ್ಯಾಲ ಇದ್ದಲ್ಲೇ ಇರತೈತಂತ.